ಮೀನಿನ ಕಿವಿರು ಬಿಳಿಚಿದೆಯೇ? ಅನ್ನಭೇದಿ ಹಾಕುವ ಮುಂಚೆ ಇಷ್ಟು ನೋಡಿ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುವವರು ಯಾವುದೋ ಒಂದು ದಿನ ಮೀನಿನ ಕಿವಿರು ಎತ್ತಿ ನೋಡಿ ‘ಇದರಲ್ಲಿ ರಕ್ತವೇ ಇಲ್ವಲ್ಲ’ ಅಂತ ಗಾಬರಿಯಾಗುತ್ತಾರೆ. ರಕ್ತ ಕಡಿಮೆ ಅಂದರೆ ಕಬ್ಬಿಣ ಕಡಿಮೆ, ಹಾಗಾದರೆ ಶೇಂಗಾ ಎಲೆ ಹಳದಿಯಾದಾಗ ಸಿಂಪಡಿಸಿ ಉಳಿದ ಅನ್ನಭೇದಿಯನ್ನೇ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ತೌಡಿಗೆ ಬೆರೆಸಿದರಾಯ್ತು, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಬಲೆ ಬೀಸಿ ಹತ್ತು ಮೀನು ಹಿಡಿಯಿರಿ. ಮೈಮೇಲೆ, ರೆಕ್ಕೆಯ ಬುಡದಲ್ಲಿ ಮೀನಿನ ಹೇನು ಇದೆಯೇ ನೋಡಿ. ರಕ್ತ ಹೀರುವ ಪರಾವಲಂಬಿ ಇದ್ದರೆ ಕಿವಿರು ಬಿಳಿಚುತ್ತದೆ, ಆಗ ಕಬ್ಬಿಣ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ಕಥೆಯೇ ಬೇರೆ: ನೀರಿನಲ್ಲಿ ನೈಟ್ರೈಟ್ (ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಉಂಟಾಗುವ ವಿಷ) ಜಾಸ್ತಿಯಾಗಿರಬಹುದು. ರಕ್ತದಲ್ಲಿ ಕಬ್ಬಿಣ ಇರುತ್ತದೆ, ಆದರೆ ರೂಪ ಬದಲಾಗಿ ಆಮ್ಲಜನಕ ಹೊರಲಾರದು. ಆಹಾರ ನಿಲ್ಲಿಸಿ, ನೀರು ಬದಲಿಸಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಒಳಗೆ ಹೋಗದಂತೆ ತಡೆಯುತ್ತದೆ, ಎಷ್ಟು ಉಪ್ಪು ಅಂತ ನೀರು ಪರೀಕ್ಷೆ ಮಾಡಿಸಿ ಕೇಳಿ.

ಆಮೇಲೆ ಬೋರ್‌ವೆಲ್ ನೀರು. ಒಂದು ಬಿಳಿ ಬಕೆಟ್‌ನಲ್ಲಿ ರಾತ್ರಿ ಹಿಡಿದಿಟ್ಟು ಬೆಳಗ್ಗೆ ನೋಡಿ. ತಳದಲ್ಲಿ ತುಕ್ಕಿನ ಬಣ್ಣದ ಗಸಿ ನಿಂತಿದ್ದರೆ ನೀರಿನಲ್ಲೇ ಕಬ್ಬಿಣ ಇದೆ ಎಂದರ್ಥ. ಮೀನಿಗೆ ಅದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚು, ಆ ಗಸಿ ಕಿವಿರಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ನೀರನ್ನು ಎತ್ತರದಿಂದ ಚಿಮ್ಮಿಸಿ, ಒಂದು ತೊಟ್ಟಿಯಲ್ಲಿ ತಿಳಿಯಾಗಿಸಿ, ನಂತರ ಹೊಂಡಕ್ಕೆ ಬಿಡಿ.

ಈಗ ಆಹಾರಕ್ಕೆ ಬರೋಣ. ಸಾಮಾನ್ಯ ಗೆಂಡೆಗೆ ಒಂದು ಕೆಜಿ ಆಹಾರದಲ್ಲಿ ಸುಮಾರು 150 ಮಿಲಿಗ್ರಾಂ ಕಬ್ಬಿಣ ಬೇಕು ಎಂಬುದು ಪುಸ್ತಕದ ಲೆಕ್ಕ, ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ಗೆ 30 ಸಾಕು. ಮೀನುಪುಡಿ ಹಾಕಿದ ರೆಡಿಮೇಡ್ ಆಹಾರದಲ್ಲಿ ಕಬ್ಬಿಣ ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ಸುಮ್ನೆ ಮೇಲೆ ಸೇರಿಸಬೇಡಿ. ಬರೀ ತೌಡು, ಶೇಂಗಾ ಹಿಂಡಿ, ಸೋಯಾ ಮೇಲೆ ಸಾಕುವವರದ್ದು ಬೇರೆ. ಅವುಗಳಲ್ಲಿ ಕಬ್ಬಿಣ ಇದ್ದರೂ, ಕಾಳು-ಹಿಂಡಿಗಳಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೀನಿಗೆ ಪೂರ್ತಿ ದಕ್ಕುವುದಿಲ್ಲ.

ಹೀಗೆ ಸಾಕುವವರು ಕಬ್ಬಿಣ ಸೇರಿಸುವುದಾದರೆ ಪಶು ಆಹಾರದ ದರ್ಜೆಯ ಫೆರಸ್ ಸಲ್ಫೇಟ್ ತನ್ನಿ, ಗೊಬ್ಬರದ ಅನ್ನಭೇದಿಯಲ್ಲಿ ಭಾರ ಲೋಹಗಳು ಸೇರಿರಬಹುದು. ಹಸಿರು ಹರಳಿನ ಈ ಸಲ್ಫೇಟ್‌ನಲ್ಲಿ ಕಬ್ಬಿಣ ಶೇ 20ರಷ್ಟು ಮಾತ್ರ. ಆಹಾರದಲ್ಲಿ ಆಗಲೇ ಇರುವುದರ ಜೊತೆಗೆ ಕೆಜಿಗೆ 50 ಮಿಲಿಗ್ರಾಂ ಸೇರಿಸಬೇಕೆಂದರೆ 100 ಕೆಜಿ ಆಹಾರಕ್ಕೆ 5 ಗ್ರಾಂ ಕಬ್ಬಿಣ, ಅಂದರೆ 25 ಗ್ರಾಂ ಹರಳು. ಹೌದು, ಅಷ್ಟೇ! ಮುಷ್ಟಿಗಟ್ಟಲೆ ಅಲ್ಲ. ಅಕ್ಕಸಾಲಿಗರ ತಕ್ಕಡಿಯಂಥದ್ದರಲ್ಲೇ ತೂಗಿ. ಪುಡಿ ಮಾಡಿ ಮೊದಲು 1 ಕೆಜಿ ಒಣ ತೌಡಿಗೆ ಕಲಸಿ, ಅದನ್ನು 10 ಕೆಜಿಗೆ, ಕೊನೆಗೆ ಪೂರ್ತಿ ರಾಶಿಗೆ ಸೇರಿಸಿ. ನೇರವಾಗಿ ರಾಶಿಗೆ ಸುರಿದರೆ ಒಂದು ಮೂಲೆಯ ಮೀನಿಗೆ ಎಲ್ಲ, ಉಳಿದವಕ್ಕೆ ಏನೂ ಇಲ್ಲ. ಹಸಿರು ಹೋಗಿ ತುಕ್ಕಿನ ಬಣ್ಣಕ್ಕೆ ತಿರುಗಿದ ಹರಳನ್ನು ಬಳಸಬೇಡಿ. ಕಲಸಿದ ಆಹಾರವನ್ನು ಬೇಗ ಮುಗಿಸಿ, ಕಬ್ಬಿಣ ಎಣ್ಣೆಯನ್ನು ಕಮಟು ಹಿಡಿಸುತ್ತದೆ, ವಿಟಮಿನ್ ಸಿಯನ್ನೂ ಕೆಡಿಸುತ್ತದೆ.

ಮೈಮೇಲೆ ಹುಣ್ಣಿರುವ ಮೀನಿಗೆ ಮಾತ್ರ ಕೊಡಲೇಬೇಡಿ. ಹುಣ್ಣು ತರುವ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅದಕ್ಕೇ ಸೋಂಕು ತಗುಲಿದಾಗ ಮೀನಿನ ದೇಹ ತನ್ನ ಕಬ್ಬಿಣವನ್ನು ಅವಕ್ಕೆ ಸಿಗದಂತೆ ಬಚ್ಚಿಡುತ್ತದೆ. ನಾವು ಹೋಗಿ ಕಳ್ಳನಿಗೆ ಕೀಲಿ ಕೊಟ್ಟ ಹಾಗಾಗುತ್ತದೆ.

ಒಂದು ತಿಂಗಳು ಬಿಟ್ಟು ಮತ್ತೆ ಹತ್ತು ಮೀನು ಹಿಡಿದು ನೋಡಿ. ಬಣ್ಣ ತಿರುಗದಿದ್ದರೆ ಪ್ರಮಾಣ ಏರಿಸುವ ಗೋಜಿಗೆ ಹೋಗದೆ, ಎರಡು ಮೀನನ್ನು ಹೊಂಡದ ನೀರಿನಲ್ಲೇ ಜೀವಂತವಾಗಿ ಮೀನಿನ ರೋಗ ಪರೀಕ್ಷಿಸುವ ಲ್ಯಾಬಿಗೆ ಒಯ್ಯಿರಿ. ಸತ್ತ ಮೀನು ಒಯ್ದರೆ ಪ್ರಯೋಜನವಿಲ್ಲ, ಅದರ ಕಿವಿರು ಹೇಗೂ ಬಿಳಿಚಿರುತ್ತದೆ.