ಫ್ಯೂಯೆಲ್ ಸೆಲ್‌ಗೂ ತಟ್ಟುವ ಕಾರವಾರದ ಸೆಕೆ

800 ಡಿಗ್ರಿ ಬಿಸಿಯಲ್ಲಿ ಹೈಡ್ರೋಜನ್ ಮತ್ತು ಗಾಳಿಯಿಂದ ವಿದ್ಯುತ್ ಹುಟ್ಟಿಸುವ ಸೆರಾಮಿಕ್ ಸಾಧನವಾದ ಸಾಲಿಡ್ ಆಕ್ಸೈಡ್ ಫ್ಯೂಯೆಲ್ ಸೆಲ್‌ಗೆ ಹೊರಗಿನ ಸೆಕೆ ಯಾವ ಲೆಕ್ಕ? ಲೆಕ್ಕವಿದೆ. ಕಾರವಾರದ ಎ.ಸಿ. ಇಲ್ಲದ ಲ್ಯಾಬಿನಲ್ಲಿ ವೋಲ್ಟೇಜು ಸೂತ್ರ ಹೇಳಿದ್ದಕ್ಕಿಂತ 20 ಮಿಲಿವೋಲ್ಟ್ ಕಡಿಮೆ ಬಂದರೆ, ಸೆಲ್ಲನ್ನು ದೂರುವ ಮೊದಲು ಹೈಡ್ರೋಜನ್ ಹಾದುಬರುವ ನೀರಿನ ಬಾಟಲಿಗೆ ಥರ್ಮಾಮೀಟರ್ ಇಳಿಸಿ.

ಕಲಿಕೆಗೆ ನಾಣ್ಯದಗಲದ ಬಟನ್ ಸೆಲ್ ಸಾಕು. ಆನೋಡ್ ಮುಖ, ಅಂದರೆ ಹೈಡ್ರೋಜನ್ ತಾಗುವ ಬದಿ, ಒಳಗಾಗುವಂತೆ ಅಲ್ಯುಮಿನಾ ಕೊಳವೆಯ ತುದಿಗೆ ಸೆರಾಮಿಕ್ ಅಂಟಿನಿಂದ ಕೂರಿಸಿ. ಪ್ರತಿ ಮುಖಕ್ಕೂ ಎರಡು ಬೆಳ್ಳಿ ತಂತಿ ಬೇಕು: ಒಂದು ಕರೆಂಟಿಗೆ, ಇನ್ನೊಂದು ವೋಲ್ಟೇಜಿಗೆ. ಒಂದರಲ್ಲೇ ಮುಗಿಸಿದರೆ ತಂತಿಯ ರೋಧವೂ ಸೆಲ್ಲಿನ ಖಾತೆಗೆ ಬೀಳುತ್ತದೆ. ಬೆಳ್ಳಿ 961 ಡಿಗ್ರಿಗೆ ಕರಗುವುದರಿಂದ ಫರ್ನೇಸ್ 850 ದಾಟದಿರಲಿ.

ನಿಮಿಷಕ್ಕೆ 1–2 ಡಿಗ್ರಿಯಂತೆ 800ಕ್ಕೆ ಏರಿಸಿ. ಅವಸರಕ್ಕೆ ಸೆಲ್ ಬಿರಿಯುತ್ತದೆ. ಆನೋಡ್ ಕಡೆಯ ಗಾಳಿಯನ್ನು ನೈಟ್ರೋಜನ್ನಿನಿಂದ ಹೊರದೂಡಿ, ಆಮೇಲೆ ಮೆಲ್ಲಗೆ ಹೈಡ್ರೋಜನ್ ಬಿಡಿ. ಆನೋಡಿನ ಹಸಿರು ನಿಕಲ್ ಆಕ್ಸೈಡು ಬೂದುಬಣ್ಣದ ನಿಕಲ್ ಆಗಲು ಒಂದೆರಡು ಗಂಟೆ. ಹೊರಬರುವ ಅನಿಲದ ಕೊಳವೆ ಕಿಟಕಿಯಾಚೆಗೆ ಹೋಗಲೇಬೇಕು. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು.

ಈಗ ಆ ಬಾಟಲಿ. ಹೈಡ್ರೋಜನ್ ಅದರ ನೀರಿನಲ್ಲಿ ಗುಳ್ಳೆಯಾಗಿ ಹಾದು ತೇವ ಹೊತ್ತು ಬರುತ್ತದೆ. ಎಲ್ಲರೂ ಬರೆಯುವ 'ಶೇ 3 ತೇವ' 25 ಡಿಗ್ರಿಯ ನೀರಿನದು. ಕರೆಂಟ್ ಎಳೆಯದಿರುವಾಗಿನ ವೋಲ್ಟೇಜನ್ನು ಅನಿಲಗಳ ಪ್ರಮಾಣದಿಂದ ಲೆಕ್ಕ ಹಾಕುವ ನರ್ನ್‌ಸ್ಟ್ ಸೂತ್ರ ಅದಕ್ಕೆ 1.10 ವೋಲ್ಟ್ ಕೊಡುತ್ತದೆ. ಏಪ್ರಿಲ್ಲಿನಲ್ಲಿ ನೀರು 32 ಡಿಗ್ರಿಯಾದರೆ ತೇವ ಶೇ 4.7, ವೋಲ್ಟೇಜು 1.08. ಘಟ್ಟ ಹತ್ತಿ ಶಿರಸಿಯಲ್ಲಿ, ಚಳಿಗಾಲದ ಬೆಳಗಿನ 18 ಡಿಗ್ರಿ ನೀರಿನಲ್ಲಿ ಅಳೆದರೆ 1.12! ಸೆಲ್ ಅದೇ. ಒಂದೋ ಬಾಟಲಿಯನ್ನು ವಾಟರ್ ಬಾತ್‌ನಲ್ಲಿಡಿ, ಇಲ್ಲವೇ ಪ್ರತಿ ಸಲ ಅಳೆದ ಉಷ್ಣತೆಯನ್ನೇ ಲೆಕ್ಕಕ್ಕೆ ಕೊಡಿ.

ಆದರೆ ವೋಲ್ಟೇಜು 1.0ಕ್ಕಿಂತ ಕೆಳಗಿದ್ದರೆ ಅದು ಸೆಕೆಯ ತಪ್ಪಲ್ಲ. ಹೈಡ್ರೋಜನ್ ಹರಿವು ಹೆಚ್ಚಿಸಿದಾಗ ಅದು ಏರಿದರೆ ಸೀಲ್ ಸೋರುತ್ತಿದೆ ಎನ್ನಿ, ಇಲ್ಲವೇ ಎರಡು ಮುಖಗಳ ನಡುವಿನ ಸೆರಾಮಿಕ್ ಪದರವಾದ ಎಲೆಕ್ಟ್ರೋಲೈಟ್ ಬಿರಿದಿದೆ.

ಬಳಿಕ ಕರೆಂಟನ್ನು ಹಂತಹಂತವಾಗಿ ಎಳೆಯಿರಿ, 0.5 ವೋಲ್ಟಿಗೆ ನಿಲ್ಲಿಸಿ. 1 ಆಂಪಿಯರಿಗೆ ನಿಮಿಷಕ್ಕೆ ಸುಮಾರು 7 ಮಿಲಿಲೀಟರ್ ಹೈಡ್ರೋಜನ್ ಖರ್ಚು, ಆದ್ದರಿಂದ 100 ಮಿಲಿಲೀಟರ್ ಬಿಟ್ಟರೆ ಧಾರಾಳ. ಸೆಲ್ಲಿನ ವೋಲ್ಟೇಜನ್ನು ಲೆಕ್ಕ ಹಾಕುವ ಮಾದರಿಗೆ ಸ್ಪ್ರೆಡ್‌ಶೀಟ್ ಸಾಕು: ನರ್ನ್‌ಸ್ಟ್ ವೋಲ್ಟೇಜಿನಿಂದ ರೋಧದ ನಷ್ಟ, ಎಲೆಕ್ಟ್ರೋಡ್ ಕ್ರಿಯೆಯ ನಷ್ಟ, ಅನಿಲ ಸಾಕಾಗದೆ ಆಗುವ ನಷ್ಟ ಕಳೆಯಿರಿ. ರೋಧವನ್ನು ಊಹಿಸಬೇಡಿ, ಬೇರೆಬೇರೆ ಆವರ್ತನದ ಪರ್ಯಾಯ ವಿದ್ಯುತ್ ಕೊಟ್ಟು ಅಳೆದ ಇಂಪೀಡೆನ್ಸ್ ರೇಖೆ ಹೆಚ್ಚಿನ ಆವರ್ತನದ ತುದಿಯಲ್ಲಿ ಅಡ್ಡ ಅಕ್ಷವನ್ನು ಕಡಿಯುವ ಜಾಗದಲ್ಲಿ ಓದಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟರೆ ಹರಿವಿನ ನಿಯಂತ್ರಕ ಮುಚ್ಚಿಕೊಂಡು ಹೈಡ್ರೋಜನ್ ನಿಲ್ಲುತ್ತದೆ, ಗಾಳಿ ಒಳನುಗ್ಗುತ್ತದೆ, ನಿಕಲ್ ಮತ್ತೆ ಆಕ್ಸೈಡಾಗಿ ಉಬ್ಬಿ ಸೆಲ್ಲನ್ನು ಸೀಳುತ್ತದೆ. ಶೇ 4 ಹೈಡ್ರೋಜನ್ ಬೆರೆತ ನೈಟ್ರೋಜನ್ ಸಿಲಿಂಡರಿಗೆ, ಕರೆಂಟ್ ಹೋದೊಡನೆ ತಾನೇ ತೆರೆಯುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ. ಫರ್ನೇಸ್ 200 ಡಿಗ್ರಿಗಿಂತ ಕೆಳಗಿಳಿಯುವ ತನಕ ಆ ಅನಿಲ ಹರಿಯುತ್ತಿರಲಿ.