ಮೇಲ್ ಲೂಪ್ ಆದಾಗ ನಾನು ಮೊದಲು ಎಣಿಸುವುದು ರಿಸೀವ್ಡ್ ಸಾಲುಗಳನ್ನು

ಅಷ್ಟಮಿ, ಮೊಸರುಕುಡಿಕೆ ಹತ್ತಿರ ಬಂತೆಂದರೆ ನಮ್ಮ ಮಂಗಳೂರು, ಉಡುಪಿಯ ಆಫೀಸುಗಳಲ್ಲಿ ಕೆಲವರು ‘ರಜೆಯಲ್ಲಿದ್ದೇನೆ’ ಅಂತ ಆಟೋ ರಿಪ್ಲೈ ಹಾಕುತ್ತಾರೆ, ಕೆಲವರು ಬಂದ ಇಮೇಲೆಲ್ಲ ಇನ್ನೊಬ್ಬರಿಗೆ ಹೋಗುವಂತೆ ಫಾರ್ವರ್ಡ್ ಇಡುತ್ತಾರೆ. ಮೇಲ್ ಲೂಪ್, ಅಂದರೆ ಇಮೇಲ್ ಎರಡು ಕಡೆಗಳ ನಡುವೆ ಮತ್ತೆ ಮತ್ತೆ ಸುತ್ತುವುದು, ಹೆಚ್ಚಾಗಿ ಹುಟ್ಟುವುದು ಈ ಎರಡರಿಂದಲೇ. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಯಾವುದೆಂದು ತಿಳಿಯಲು ಮೊದಲು ಹೆಡರ್ (ಇಮೇಲ್ ಜೊತೆ ಬರುವ ವಿವರಗಳ ಸಾಲುಗಳು) ತೆರೆಯುತ್ತೇನೆ.

ಇಮೇಲ್ ದಾಟಿ ಬಂದ ಪ್ರತಿ ಸರ್ವರ್ ಹೆಡರಿನ ತಲೆಗೆ ಒಂದು ‘ರಿಸೀವ್ಡ್’ ಸಾಲು ಸೇರಿಸುತ್ತದೆ. ಮಂಗಳೂರು ಆಫೀಸಿನದು ಮಣಿಪಾಲ ಬ್ರ್ಯಾಂಚಿಗೆ, ಅಲ್ಲಿಯದು ವಾಪಸ್ ಇಲ್ಲಿಗೆ ಫಾರ್ವರ್ಡ್ ಆಗಿದ್ದರೆ ಅವೇ ಎರಡು ಸರ್ವರ್ ಹೆಸರು ಒಂದಾದ ಮೇಲೊಂದು ಬರುತ್ತವೆ. ಇಮೇಲಿನ ಗುರುತಾದ ಮೆಸೇಜ್ ಐಡಿ ಮಾತ್ರ ಬದಲಾಗುವುದಿಲ್ಲ. ಗಾಣದೆತ್ತಿನ ಈ ಸುತ್ತು ತಾನಾಗಿಯೇ ನಿಲ್ಲುತ್ತದೆ: ಮೇಲ್ ಸರ್ವರ್ ಸಾಫ್ಟ್‌ವೇರ್‌ಗಳಲ್ಲಿ ರಿಸೀವ್ಡ್ ಸಾಲಿಗೆ ಮಾಮೂಲಿ ಮಿತಿ ಸೆಂಡ್‌ಮೇಲ್‌ನಲ್ಲಿ 25, ಎಕ್ಸಿಮ್‌ನಲ್ಲಿ 30, ಪೋಸ್ಟ್‌ಫಿಕ್ಸ್‌ನಲ್ಲಿ 50 ಸಾಲು. ‘ಟೂ ಮೆನಿ ಹಾಪ್ಸ್’ (ಒಂದು ಸರ್ವರ್ ದಾಟಿದರೆ ಒಂದು ಹಾಪ್) ಎಂಬ ಎರರ್ ಕಂಡ ಕೂಡಲೇ ಮಿತಿ ಏರಿಸುವವರಿದ್ದಾರೆ. ಅದರಿಂದ ಸುತ್ತು ಹೆಚ್ಚಾಗುತ್ತದೆ, ಅಷ್ಟೇ. ಒಂದು ಕಡೆಯ ಫಾರ್ವರ್ಡ್ ತೆಗೆದರೆ ಸಾಕು. ಪೋಸ್ಟ್‌ಫಿಕ್ಸ್‌ನಲ್ಲಿ ಯೂಸರ್ ತನ್ನ ಹೋಮ್ ಫೋಲ್ಡರಿನಲ್ಲಿ ಇಟ್ಟ ಫಾರ್ವರ್ಡ್ ಆದರೆ ‘ಡೆಲಿವರ್ಡ್ ಟು’ ಸಾಲು ಬೀಳುತ್ತದೆ, ಅದೇ ವಿಳಾಸಕ್ಕೆ ಎರಡನೇ ಸಲ ಬಂದಾಗಲೇ ಸಿಕ್ಕಿಬೀಳುತ್ತದೆ. ವರ್ಚುವಲ್ ಏಲಿಯಾಸ್‌ನಲ್ಲಿ (ಸರ್ವರಿನ ಪಟ್ಟಿಯಲ್ಲೇ ಒಂದು ವಿಳಾಸವನ್ನು ಇನ್ನೊಂದಕ್ಕೆ ತಿರುಗಿಸುವುದು) ಆ ಸಾಲು ಸೇರುವುದಿಲ್ಲ, 50ರ ತನಕ ಓಡುತ್ತದೆ.

ನಿಜವಾದ ತಲೆನೋವು ಆಟೋ ರಿಪ್ಲೈ. ದೂರು ವಿಭಾಗದ ಸಾಫ್ಟ್‌ವೇರ್ ‘ದೂರು ದಾಖಲಾಗಿದೆ’ ಅನ್ನುತ್ತದೆ, ಅತ್ತಲಿಂದ ‘ರಜೆಯಲ್ಲಿದ್ದೇನೆ’ ಬರುತ್ತದೆ, ಇತ್ತ ಅದೂ ಹೊಸ ದೂರಾಗುತ್ತದೆ. ಪ್ರತಿಯೊಂದೂ ಹೊಸ ಇಮೇಲ್, ಹೊಸ ಐಡಿ, ರಿಸೀವ್ಡ್ ಸಾಲು ಮೂರೋ ನಾಲ್ಕೋ. ಹಾಪ್ ಮಿತಿ ಇಲ್ಲಿ ಯಾವತ್ತೂ ಮುಟ್ಟುವುದಿಲ್ಲ.

ಇದಕ್ಕೆ ಆಟೋ ಉತ್ತರಗಳ ಬಗೆಗಿನ 2004ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 3834 ಹೇಳಿದಂತೆ ನಡೆಯುತ್ತೇನೆ. ನಮ್ಮಿಂದ ಹೋಗುವ ಆಟೋ ಉತ್ತರದಲ್ಲಿ ‘ಆಟೋ ಸಬ್ಮಿಟೆಡ್’ ಹೆಡರ್ ಇರಬೇಕು, ಮೌಲ್ಯ ‘ಆಟೋ ರಿಪ್ಲೈಡ್’. ಎನ್ವಲಪ್‌ನಲ್ಲಿ (ಸರ್ವರ್‌ಗಳು ಇಮೇಲ್ ತಲುಪಿಸಲು ತಮ್ಮೊಳಗೆ ಬಳಸುವ ವಿಳಾಸಗಳು) ಕಳಿಸಿದವರ ವಿಳಾಸ ಖಾಲಿ ಬಿಡಬಹುದು, ಆಗ ಬೌನ್ಸ್‌ಗೆ (ಇಮೇಲ್ ತಲುಪಲಿಲ್ಲವೆಂಬ ಸೂಚನೆ) ಮರಳಲು ದಾರಿಯಿರುವುದಿಲ್ಲ. ಬಂದ ಇಮೇಲ್‌ನಲ್ಲಿ ಆ ಹೆಡರಿನ ಮೌಲ್ಯ ‘ನೋ’ ಬಿಟ್ಟು ಬೇರೇನಿದ್ದರೂ ಉತ್ತರ ಕೊಡಬಾರದು. ಎನ್ವಲಪ್ ವಿಳಾಸ ಖಾಲಿಯಿದ್ದರೆ, ಮೇಲಿಂಗ್ ಲಿಸ್ಟಿನ ಗುರುತಾದ ‘ಲಿಸ್ಟ್ ಐಡಿ’ ಇದ್ದರೆ, ‘ಟು’ ಅಥವಾ ‘ಸಿಸಿ’ಯಲ್ಲಿ ನಮ್ಮ ವಿಳಾಸ ಇಲ್ಲದಿದ್ದರೆ ಆಗಲೂ ಸುಮ್ಮನಿರಬೇಕು. ಒಬ್ಬರಿಗೆ 7 ದಿನಕ್ಕೆ ಒಂದೇ ರಜೆ ಉತ್ತರ. ಹಳೆಯ ಯೂನಿಕ್ಸ್‌ನ ರಜೆ ಉತ್ತರದ ಪ್ರೋಗ್ರಾಂ ‘ವೆಕೇಶನ್’ನ ಮಾಮೂಲಿ ಲೆಕ್ಕವೂ ಇದೇ. ಎದುರಿನವರು ಹೆಡರನ್ನೇ ಹಾಕದಿರಬಹುದು, ಅದಕ್ಕಾಗಿ ಒಂದೇ ವಿಳಾಸಕ್ಕೆ ಗಂಟೆಗೆ 3ಕ್ಕಿಂತ ಹೆಚ್ಚು ಸ್ವೀಕೃತಿ ಹೋಗದಂತೆ ತಡೆ ಇಡುತ್ತೇನೆ.

ಲೂಪ್ ಓಡುತ್ತಿರುವಾಗ ಕ್ಯೂ (ಕಳಿಸಲು ಕಾಯುತ್ತಿರುವ ಇಮೇಲ್‌ಗಳ ಸಾಲು) ಅಳಿಸಲು ಹೋಗಬೇಡಿ, ಅಳಿಸಿದಷ್ಟೂ ತುಂಬುತ್ತದೆ. ಮೊದಲು ಉತ್ತರ ಕೊಡುವುದನ್ನು ನಿಲ್ಲಿಸಿ, ಪೋಸ್ಟ್‌ಫಿಕ್ಸ್‌ನ ಪೋಸ್ಟ್‌ಸೂಪರ್ ಕಮಾಂಡಿನಿಂದ ಲೂಪ್ ಆದ ವಿಳಾಸದ ಇಮೇಲ್‌ಗಳನ್ನು ಹೋಲ್ಡ್‌ಗೆ ಹಾಕಿ (ತಡೆದಿಡಿ), ಅದರೊಳಗೆ ಸಿಕ್ಕಿಕೊಂಡ ನಿಜವಾದ ಗಿರಾಕಿಗಳ ಇಮೇಲ್ ಬೇರ್ಪಡಿಸಿ, ಆಮೇಲೆ ಉಳಿದದ್ದು ಅಳಿಸಿ.

ರಜೆಗೆ ಎರಡು ದಿನ ಮೊದಲೇ ಹೊರಗಿನ ಜಿಮೇಲ್ ಖಾತೆಯಿಂದ ಎರಡು ಇಮೇಲ್ ಕಳಿಸಿ ನೋಡುತ್ತೇನೆ. ಎರಡನೆಯದಕ್ಕೂ ರಜೆ ಉತ್ತರ ಬಂದರೆ 7 ದಿನದ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ.