ಮಗ್ಗದ ಮನೆಯಲ್ಲಿ ಸಂಸಾರ ಹೂಡುವ ಮುಂಚೆ
ಗುಳೇದಗುಡ್ಡದಲ್ಲಿ ನಮ್ಮ ಅಜ್ಜ ಕುಪ್ಪಸದ ಖಣ ನೇಯುತ್ತಿದ್ದ ಮಗ್ಗದ ಮನೆಯಲ್ಲೇ ಈಗ ನಮ್ಮ ಸಂಸಾರ. ಮೊದಲ ಕೆಲಸ, ಕುಣಿಮಗ್ಗದ ಕುಣಿ, ಅಂದರೆ ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ, ಮುಚ್ಚುವುದು. ಕಸ, ಇಟ್ಟಿಗೆ ಚೂರು ಸುರಿದು ಸುಮ್ನೆ ಮೇಲೆ ಫರ್ಸಿ ಹಾಸಬೇಡಿ, ಕುಸಿಯುತ್ತದೆ. ಕರಿಮಣ್ಣಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಗರಸು, ಅಂದರೆ ಹರಳುಗಲ್ಲು ಬೆರೆತ ಮಣ್ಣು, ತರಿಸಿ. ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿಸಿ, ಮತ್ತೆ ಅರ್ಧ ಅಡಿ. ಹಿಮ್ಮಡಿ ಊರಿದರೆ ಗುರುತು ಮೂಡಬಾರದು. ಗೌಂಡಿ ಅವಸರ ಮಾಡುತ್ತಾನೆ, ಪಕ್ಕದಲ್ಲೇ ನಿಲ್ಲಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಬೇಡ. ಒಳಗಿನ ತೇವ ಹೊರಬರಲಾಗದೆ ಪದರು ಎದ್ದು ಬೀಳುತ್ತದೆ. ಸುಣ್ಣದ ಗಿಲಾವೇ ಸರಿ. ವೈರಿಂಗ್ ಪೂರ್ತಿ ಹೊಸದಾಗಲಿ. ಮಾಳಿಗೆಯ ಬೆಳಕಿಂಡಿ ಮಾತ್ರ ಮುಚ್ಚಬೇಡಿ, ಗಾಜು ಕೂರಿಸಿ. ನಾವು ಅಡುಗೆ ಕಟ್ಟೆಯನ್ನು ಅದರ ಕೆಳಗೇ ಕಟ್ಟಿಸಿದೆವು, ಹಗಲು ಲೈಟೇ ಬೇಡ.